ಒಲೆಕಟ್ಟೆಯ ಹೆಬ್ಬೆರಳು

೧೮೯೬ನೆಯ ಇಸವಿಯಲ್ಲಿ, ನಾಲ್ಕನೆಯ ತರಗತಿಗೇ, ನಾನು ಓದು ನಿಲ್ಲಿಸಿದೆ. ಅದಕ್ಕೆ ನಾಚಿಕೆಯಿಲ್ಲ. ಪುಸ್ತಕ ಬಿಟ್ಟ ಕೈಗೆ ಗುದ್ದಲಿ ಬಂತು, ಗುದ್ದಲಿಯಿಂದಲೇ ಮೇಸ್ತ್ರಿಯಾದೆ. ನೀಲಗಿರಿಯ ಗುಡ್ಡಗಳ ಮೇಲೆ ಹಿಂದಿನವರು ಸತ್ತವರಿಗಾಗಿ ಪೇರಿಸಿದ ಕಲ್ಲುಸುತ್ತುಗಳನ್ನು ದೊರೆಗಳು ಅಗೆಸುತ್ತಿದ್ದ ಕಾಲ ಅದು. ಮುಟ್ಟಿದರೆ ಕೇಡು ಎಂದು ನಮ್ಮ ಹಟ್ಟಿಯವರು ಹೆದರುತ್ತಿದ್ದರು, ನಾನು ನಗುತ್ತಿದ್ದೆ. ಸತ್ತವರು ಸತ್ತರು, ಮಣ್ಣು ಮಣ್ಣು, ಇಷ್ಟೇ ನನ್ನ ತಿಳಿವಳಿಕೆ. ನೀವು ನಂಬಬೇಕೆಂದು ಇದನ್ನು ಬರೆಯುತ್ತಿಲ್ಲ. ನನಗೇ ಪೂರ್ತಿ ನಂಬಿಕೆ ಬಂದಿಲ್ಲ.

ಒಂದು ವರ್ಷ ಮಳೆಗಾಲದಲ್ಲಿ ನನ್ನ ಹೆಂಡತಿ ಮಾದಿ ಜ್ವರ ಬಂದು ತೀರಿಕೊಂಡಳು. ಮಕ್ಕಳಿರಲಿಲ್ಲ, ಮನೆಯಲ್ಲಿ ನಾನು, ನನ್ನ ಅವ್ವೆ ಇಬ್ಬರೇ ಉಳಿದೆವು. ನಮ್ಮಲ್ಲಿ ಸುಡುವ ಪದ್ಧತಿ. ಬಟ್ಟೆ ಅವಳೊಂದಿಗೆ ಹೋಯಿತು, ಒಡವೆ ತವರಿಗೆ ಹೋಯಿತು. ಫೋಟೋ ತೆಗೆಸುವಷ್ಟು ದೊಡ್ಡವರು ನಾವಲ್ಲ. ಉಳಿದದ್ದು ಒಂದೇ. ಹಿಂದಿನ ಹೆತ್ತೆ ಹಬ್ಬಕ್ಕೆ ಒಲೆಕಟ್ಟೆ ಮೆತ್ತಿದಾಗ ಅವಳು ಅಂಚಿನುದ್ದಕ್ಕೂ ಹೆಬ್ಬೆರಳು ಒತ್ತಿ ಸಾಲು ಮಾಡಿದ್ದಳು. ಆ ಬೆರಳಲ್ಲಿ ಕುಡುಗೋಲು ತಾಗಿದ ಓರೆ ಗೆರೆಯೊಂದು, ಅದರ ಕೆಳಗೆ ಮುಳ್ಳು ಕಿತ್ತ ಸಣ್ಣ ಕುಳಿಯೊಂದು. ಮಣ್ಣಿನಲ್ಲಿ ಗೆರೆ ಏರಾಗಿ, ಕುಳಿ ಅಕ್ಕಿಕಾಳಿನಂಥ ಉಬ್ಬಾಗಿ ಮೂಡಿದ್ದವು. ದಿನವೂ ಕೆಲಸಕ್ಕೆ ಹೊರಡುವ ಮೊದಲು ಅವುಗಳ ಮೇಲೆ ಬೆರಳಿಟ್ಟು ಹೋಗುತ್ತಿದ್ದೆ.

ನಮ್ಮ ದೇವತೆ ಹೆತ್ತೆಯ ಹಬ್ಬ ಮತ್ತೆ ಹತ್ತಿರವಾದಾಗ ಕಲ್ಲಟ್ಟಿ ಊರಿನ ಮೇಲಿನ ಒಂದು ಕಲ್ಲುಸುತ್ತನ್ನು ಅಗೆಯುತ್ತಿದ್ದೆವು. ದೊರೆಯ ಕ್ರಮ ಕಟ್ಟುನಿಟ್ಟು. ಹಗ್ಗ ಕಟ್ಟಿ ಚೌಕ ಮಾಡಬೇಕು, ಮಣ್ಣನ್ನು ಪದರ ಪದರವಾಗಿ ಕೆರೆಯಬೇಕು, ತೆಗೆದದ್ದನ್ನೆಲ್ಲ ಜರಡಿ ಹಿಡಿಯಬೇಕು. ಯಾರಾದರೂ ಮೊದಲೇ ಅಗೆದಿದ್ದರೆ ಮಣ್ಣು ಕೈಗೆ ಸಡಿಲವಾಗಿ ಸಿಗುತ್ತದೆ. ಇಲ್ಲಿ ಹಾಗಿರಲಿಲ್ಲ. ಬೇರು ಹೆಣೆದ ಕಲ್ಲು, ಅದರಡಿ ಗಟ್ಟಿಯಾದ ಕರಿಮಣ್ಣು, ಅದರಡಿ ಚಪ್ಪಡಿ. ಹಾರೆ ಹಾಕಿ ಚಪ್ಪಡಿ ಸರಿಸಿದಾಗ ಇದ್ದಲು, ತುಕ್ಕು ತಿಂದ ಒಂದು ಕತ್ತಿ, ಒಂದು ಕೆಂಪು ಮಡಕೆ ಕಂಡವು. ಮಧ್ಯಾಹ್ನದ ಮಂಜು ಕವಿದಿತ್ತು. ಕುಂಚದಿಂದ ಮಡಕೆಯ ಕತ್ತು ಒರೆಸಿದೆ. ಸುತ್ತಲೂ ಹೆಬ್ಬೆರಳಿನ ಗುರುತು. ಅಂಥವು ನನಗೆ ಹೊಸತಲ್ಲ. ಆದರೆ ಒಂದೊಂದರಲ್ಲೂ ಓರೆ ಗೆರೆ, ಅದರ ಕೆಳಗೆ ಅಕ್ಕಿಕಾಳು.

ಬೆರಳಿಟ್ಟೆ. ಬೆಳಿಗ್ಗೆ ಮನೆಯಲ್ಲಿ ಇಟ್ಟ ಜಾಗದಲ್ಲೇ ಮತ್ತೆ ಇಟ್ಟಂತಾಯಿತು.

ನನ್ನ ಜೊತೆ ಅಗೆಯುತ್ತಿದ್ದ ಜೋಗಿ ನಕ್ಕ. “ಏ ಮೇಸ್ತ್ರಿ, ಮಡಕೆಗ ಮುತ್ತ ಕೊಡ್ತಿಯ? ಅದರ ಗಂಡ ಒಳಗ ಕೂತು ನೋಡಿಂಡು ಇದ್ದಾನ!”

“ಜೋಗಿ, ಇದು ಮಾದಿ ಬೆರಳು.”

ಅವನ ನಗು ನಿಂತಿತು. “ಅಣ್ಣ, ಎದ್ದು ಬಾ. ಒಸಿ ಕಾಪಿ ಕುಡಿ.”

ದೊರೆಗೆ ಹೇಳಿದೆ. ಮಡಕೆ ಬಹಳ ಹಳೆಯದು, ದುಡಿಯುವ ಹೆಂಗಸಿನ ಬೆರಳಿಗೆ ಗಾಯವಿರುವುದು ಯಾವ ಕಾಲದಲ್ಲೂ ಉಂಟು ಎಂದರು. ಸರಿಯಾದ ಮಾತೇ. ಒಂದು ರಾತ್ರಿಯ ಮಟ್ಟಿಗೆ ಮನೆಗೆ ಒಯ್ಯಲೇ ಎಂದು ಕೇಳಿದೆ. ಕೊಡಲಿಲ್ಲ, ಮರುದಿನವೇ ಅದು ಮದರಾಸಿನ ಮ್ಯೂಸಿಯಮ್ಮಿಗೆ ಹೊರಡಬೇಕಿತ್ತು. ಅಚ್ಚು ತೆಗೆಯುವುದನ್ನು ಅವರೇ ನನಗೆ ಕಲಿಸಿದ್ದರು. ಒಂದು ಗುರುತಿನೊಳಗೆ ಹಸಿ ಜೇಡಿ ಒತ್ತಿ ಅಚ್ಚು ತೆಗೆದುಕೊಂಡೆ. ಒಲೆಕಟ್ಟೆಯ ಗುರುತಿನಲ್ಲಿ ಅದು ಸರಿಯಾಗಿ ಕೂತರೆ ಬೆರಳು ಅವಳದೇ, ಕೂರದಿದ್ದರೆ ನನಗೆ ದುಃಖದ ಹುಚ್ಚು. ಎರಡರಲ್ಲಿ ಯಾವುದೆಂದು ತಿಳಿದರೆ ಸಾಕಿತ್ತು. ಅಚ್ಚನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಗುಡ್ಡ ದಾಟಿ ಓಡಿದೆ.

ಬಾಗಿಲಲ್ಲೇ ಹಸಿ ಮಣ್ಣಿನ ವಾಸನೆ. ಅವ್ವೆ ಮೊಣಕೈವರೆಗೆ ಕೆಸರು ಮಾಡಿಕೊಂಡು ಕೂತಿದ್ದಳು. ಒಲೆಕಟ್ಟೆ ನುಣ್ಣಗೆ ಹೊಳೆಯುತ್ತಿತ್ತು. ಹಬ್ಬಕ್ಕೆ ಮೊದಲು ಎಲ್ಲ ಮನೆಗಳಲ್ಲೂ ಹೊಸದಾಗಿ ಮೆತ್ತುತ್ತಾರೆ. ನನಗೆ ಮಾತ್ರ ಅದು ನೆನಪಿಗೇ ಬಂದಿರಲಿಲ್ಲ.

“ಹೆತ್ತೆಗ ಹಳೇ ಒಲೆ ತೋರುಸ್ಲಾ ಮಗ? ಎಲ್ಲ ಕೆರೆದು ತೆಗೆದೆ. ನೀ ದಿನಾ ಅದ ಮುಟ್ಟಿಂಡು ಕೂರುದ ನೋಡಕ ಆಗಲ್ಲ ನನಗ. ಈಗ ಎಷ್ಟ ಚೆಂದ, ನೋಡು.”

“ಆ ಮಣ್ಣು ಎಲ್ಲಿ ಅವ್ವೆ?”

“ನೀರಾಕಿ ಕಲಸಿ ಇದಕ್ಕೇ ಮೆತ್ತಿದೆ. ಏಕ?”

“ಚೆಂದ ಇದೆ ಅವ್ವೆ” ಎಂದೆ. ಬೇರೇನು ಹೇಳಲಿ? ನನ್ನ ಸಂಕಟ ನೋಡಲಾರದೆ ಮಾಡಿದ್ದಳು.

ಅಚ್ಚನ್ನು ಮಾಡಿನ ಸಂದಿಯಲ್ಲಿಟ್ಟೆ. ಆ ಚಳಿಗಾಲದ ಹಿಮಕ್ಕೆ ಒಳಗಿನ ನೀರು ಹೆಪ್ಪುಗಟ್ಟಿ ಹಸಿ ಜೇಡಿ ಒಳಗಿಂದಲೇ ಬಿರಿಯಿತು, ಮುಟ್ಟಿದರೆ ಪುಡಿ. ಮುಂದೊಮ್ಮೆ ಮದರಾಸಿಗೆ ಹೋಗಿ ಗಾಜಿನ ಕಪಾಟುಗಳ ಮುಂದೆ ದಿನವಿಡೀ ನಿಂತೆ. ಕೆಂಪು ಮಡಕೆಗಳು ಬಹಳ ಇದ್ದವು. ಅದು ಇರಲಿಲ್ಲ.

ಆಮೇಲೂ ಎಷ್ಟೋ ಕಲ್ಲುಸುತ್ತು ಅಗೆದೆ. ಎಲ್ಲೂ ಆ ಬೆರಳು ಕಾಣಲಿಲ್ಲ. ಚಪ್ಪಡಿಯ ಕೆಳಗೆ, ಯಾರೂ ಮುಟ್ಟದ ಮಣ್ಣಿನಲ್ಲಿ, ಅದು ಹೇಗೆ ಬಂತೆಂದು ಇಂದಿಗೂ ಹೇಳಲಾರೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಆ ಗೆರೆ ಎಡಕ್ಕೆ ಓರೆಯಾಗಿತ್ತೋ ಬಲಕ್ಕೋ ಎಂಬುದು ಈಗ ನನಗೆ ಮರೆತುಹೋಗಿದೆ. ಯಾರನ್ನು ಕೇಳಲಿ? ಅವ್ವೆಯೂ ಹೋದಳು.

ಈಗ ನನಗಿರುವುದು ಒಂದು ಮನೆ, ಆಲೂಗಡ್ಡೆ ಹಾಕುವ ಎರಡು ತುಂಡು ಹೊಲ, ಹಾಲು ಬತ್ತಿದ ಒಂದು ಎಮ್ಮೆ, ಮೂರು ಗುದ್ದಲಿ. ಮಾದಿಯದು ಏನೂ ಇಲ್ಲ.