ಬಾಕಿ ಉಳಿದ ಹನ್ನೊಂದು ಬೆನ್ನು

ಬೈಂಡರನಿಗೆ ಆ ಲೈಬ್ರರಿಯನ್ ಮೇಲಿದ್ದ ಸಿಟ್ಟು ಇಷ್ಟು ವರ್ಷವಾದರೂ ಆರಿರಲಿಲ್ಲ. ತೊಂಬತ್ತೆಂಟರ ಮಾತು. ಕೋರ್ಟಿನ ಲೈಬ್ರರಿಯಲ್ಲಿ ಆರು ಜನ ವಕೀಲರ ಎದುರಿಗೇ ಆ ಮನುಷ್ಯ ಕನ್ನಡಕವನ್ನು ಹಣೆಗೇರಿಸಿ, "ಬೈಂಡರೇ, ಪುಸ್ತಕಕ್ಕೆ ಬರೀ ಬೆನ್ನಲ್ಲ, ಒಳಗೂ ಏನೋ ಇರುತ್ತೆ ಕಣ್ರೀ" ಅಂದಿದ್ದರು. ಆರೂ ಜನ ನಕ್ಕಿದ್ದರು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನಿಗೆ ಆ ನಗು ದಬ್ಬಣದಂತೆ ನಾಟಿತು. ಮಾತು ಯಾಕೆ ಬಂತೆಂಬುದು ಮರೆತುಹೋಯಿತು, ನಗು ಮರೆಯಲಿಲ್ಲ. ಮತ್ತೆ ಅವನು ಆ ಮೆಟ್ಟಿಲು ತುಳಿಯಲಿಲ್ಲ.

ಈಗ ನೋಡಿದರೆ ಅದೇ ಲೈಬ್ರರಿಯ ಪುಸ್ತಕ ಬೇಕಾಗಿ ಬಂತು.

ಅವನ ಕೆಲಸದ ಶೆಡ್ಡು ಮನೆಯ ಹಿಂದಿದೆ. ಅಲ್ಲಿಗೆ ದಾರಿಯೆಂದರೆ ಎರಡು ಗೋಡೆಗಳ ನಡುವೆ ಕೈಗಾಡಿ ಹಿಡಿಸುವಷ್ಟು ಅಗಲದ ಓಣಿ. ಪಕ್ಕದ ಮನೆಯನ್ನು ಹೊಸದಾಗಿ ಕೊಂಡವನು ಓಣಿಯ ಬಾಯಿಗೆ ಕಬ್ಬಿಣದ ಗೇಟು ನಿಲ್ಲಿಸಿ ಬೀಗ ಜಡಿದ. ಅಂದಿನಿಂದ ಕಾಗದದ ರೀಮು, ರಟ್ಟಿನ ಕಟ್ಟು, ಗೋಂದಿನ ಡಬ್ಬ ಎಲ್ಲವೂ ಅಡುಗೆಮನೆಯ ಮೂಲಕವೇ ಹೋಗಬೇಕು. ಹೆಂಡತಿ ಒಲೆಯ ಮುಂದೆ ನಿಂತು, "ಇನ್ನು ಸಾರಿಗೂ ಗೋಂದು ಬೀಳೋದೊಂದು ಬಾಕಿ" ಎಂದು ಗೊಣಗುತ್ತಿದ್ದಳು. ದೊಡ್ಡ ಕಟ್ಟುಗಳು ಆ ಬಾಗಿಲಲ್ಲಿ ತೂರಲಿಲ್ಲ. ಗಿರಾಕಿಗಳು ಕಳಚಿಕೊಳ್ಳತೊಡಗಿದರು. ಗೇಟು ತೆಗೆಯದಿದ್ದರೆ ಶೆಡ್ಡು ಮುಚ್ಚಬೇಕು, ಅಷ್ಟೇ.

ಇದೇ ಓಣಿಯ ಜಗಳ ಅಜ್ಜನ ಕಾಲದಲ್ಲೇ ದೊಡ್ಡ ಕೋರ್ಟಿನವರೆಗೆ ಹೋಗಿತ್ತು. ಓಣಿ ಎರಡೂ ಮನೆಗೆ ಸೇರಿದ್ದೆಂದು ಆದ ತೀರ್ಪು ಅರವತ್ತೆರಡರ ಕಾನೂನು ವರದಿಯ ಸಂಪುಟದಲ್ಲಿ ಅಚ್ಚಾಗಿತ್ತು. ಮನೆಯಲ್ಲಿದ್ದ ನಕಲು ಗೆದ್ದಲಿನ ಪಾಲಾಗಿತ್ತು. ಕೋರ್ಟಿನ ಕಡತವನ್ನು ಹಳೆಯದೆಂದು ಎಂದೋ ಸುಟ್ಟಿದ್ದರು.

"ಗುರುವಾರ ಗೇಟಿನ ಕೇಸು ಬರುತ್ತೆ, ಅದರೊಳಗೆ ಆ ಪುಟ ತಂದುಕೊಡಪ್ಪ" ಅಂದರು ಅವನ ವಕೀಲರು. "ಲೈಬ್ರರಿಗೆ ಹೋಗಿ ಪ್ರಯೋಜನ ಇಲ್ಲ. ಹಳೇದನ್ನೆಲ್ಲ ಸ್ಕ್ಯಾನ್ ಮಾಡಿ ರದ್ದಿಗೆ ಹಾಕಿದ್ರು. ಈಗ ಎಲ್ಲ ಡಿಜಿಟಲ್ ಲೈಬ್ರರಿಲೇ."

ಬೈಂಡರನ ಅಕ್ಕ ಟೈಪಿಸ್ಟಾಗಿ ನಿವೃತ್ತಳಾದವಳು. ಕಂಪ್ಯೂಟರ್ ಇದ್ದದ್ದು ಅವಳ ಮನೆಯಲ್ಲಿ. ಭಾನುವಾರದಿಂದ ಮೂರು ದಿನ ತಮ್ಮ ಅವಳ ಬೆನ್ನ ಹಿಂದೆ ನಿಂತು ಉಸಿರುಬಿಟ್ಟ. ಅರವತ್ತೊಂದು ಇತ್ತು, ಅರವತ್ತಮೂರು ಇತ್ತು. ಅರವತ್ತೆರಡು ಮಾತ್ರ ಇರಲಿಲ್ಲ. ಅಜ್ಜನ ಹೆಸರು ಟೈಪ್ ಮಾಡಿದರೆ ಯಾವುದೋ ಪಂಡಿತರು ನಾಣ್ಯಗಳ ಬಗ್ಗೆ ಬರೆದ ಸಾವಿರ ಪುಟದ ಗ್ರಂಥ ತೆರೆದುಕೊಳ್ಳುತ್ತಿತ್ತು. ಹಳೆಯ ಅಚ್ಚಿನ ಅಕ್ಷರ ಆ ಯಂತ್ರಕ್ಕೆ ಓದಲು ಬರುತ್ತಿರಲಿಲ್ಲ.

"ನನಗಿಂತ ಕಡೆ ಇದು. ನಾಲ್ಕನೇ ಕ್ಲಾಸೂ ಆಗಿಲ್ಲ" ಅಂದ ತಮ್ಮ.

"ಮೇಜು ಗುದ್ದಬೇಡ. ಗುದ್ದಿದರೆ ಪುಸ್ತಕ ಉದುರೋಕೆ ಇದೇನು ಮರವೇನೋ?"

"ಗುದ್ದದೆ ಏನ್ಮಾಡ್ಲಿ? ಸ್ಕ್ಯಾನ್ ಮಾಡೋಕೆ ಅಂತ ಬೆನ್ನು ಕತ್ತರಿಸಿ ಹಾಳೆ ಬಿಡಿಸಿದಾರಂತೆ. ನನ್ನ ಹೊಲಿಗೆ ಅಕ್ಕ ಅದು! ಕತ್ತರಿಸಿದ್ದೂ ಅಲ್ದೆ ಕಳೆದೂ ಹಾಕಿದಾರೆ, ಮುಂಡೇವು."

"ನೀನು ಅರವತ್ತೆರಡು ಹೊಲಿದಿದ್ಯಾ?"

"ಯಾರಿಗ್ಗೊತ್ತು? ಕೊಟ್ಟಿದ್ದು ಹೊಲಿದೆ."

ಬುಧವಾರ ಸಂಜೆಯ ಹೊತ್ತಿಗೆ ಅಕ್ಕನ ಕಣ್ಣು ಕೆಂಪಾಗಿತ್ತು. "ಸಾಕು, ಮುಚ್ತೀನಿ" ಅಂದಳು. ತಮ್ಮನಿಗೆ ಏನನಿಸಿತೋ, "ತೊಂಬತ್ತೆಂಟು ತೆಗಿ" ಅಂದ. "ಕೊನೇ ವರ್ಷ ಕೆಂಪು ಬಟ್ಟೆ ಹಾಕಿದ್ದೆ. ಬೆನ್ನಿನ ಫೋಟೋ ಆದ್ರೂ ಉಳಿದಿದ್ಯಾ ನೋಡೋಣ."

ಆ ವರದಿಮಾಲೆಯಲ್ಲಿ ತೊಂಬತ್ತೆಂಟು ಎರಡಿದ್ದವು. ಒಂದು ಕಪ್ಪು, ಅಚ್ಚಿನ ಮನೆಯಿಂದಲೇ ಬಂದ ರಟ್ಟು. ಇನ್ನೊಂದು ಕೆಂಪು. ಅದರ ಬೆನ್ನಿನ ಮೇಲೆ ಚಿನ್ನದ ಅಂಕಿ, ಎಂಟರ ಕೆಳಗಿನ ಹೊಟ್ಟೆ ಸೊಟ್ಟ. ಅವನ ಹಿತ್ತಾಳೆ ಅಚ್ಚು ಒಮ್ಮೆ ನೆಲಕ್ಕೆ ಬಿದ್ದು ಜಜ್ಜಿದ ಸೊಟ್ಟ ಅದು. ಮಗುವಿನ ಮಚ್ಚೆ ಕಂಡವನಂತೆ ಬೈಂಡರ್ ಬಗ್ಗಿದ.

ಅಕ್ಕ ಅದರ ಮೊದಲ ಪುಟ ತೆರೆದಳು. ತೆರೆದವಳು ಪರದೆಯ ಹತ್ತಿರ ಬಗ್ಗಿ ಇನ್ನೊಮ್ಮೆ ಓದಿದಳು.

"ಏನು?"

"ಇದು ಅರವತ್ತೆರಡು ಕಣೋ."

ಮರೆತಿದ್ದೆಲ್ಲ ಆಗ ನೆನಪಿಗೆ ಬಂತು. ಪ್ರತಿ ಪುಸ್ತಕದ ಜೊತೆ ಲೈಬ್ರರಿಯನ್ ಒಂದು ಚೀಟಿ ಇಡುತ್ತಿದ್ದರು. ವರ್ಷವನ್ನು ಒಳಗಿನ ಮೊದಲ ಪುಟ ನೋಡಿ ಬೆನ್ನಿಗೆ ಒತ್ತಬೇಕೆಂದು ಅದರಲ್ಲಿರುತ್ತಿತ್ತು. ಅವಸರದಲ್ಲಿ ಅವನು ಚೀಟಿಯ ತಲೆಯಲ್ಲಿದ್ದ ತಾರೀಖಿನ ವರ್ಷವನ್ನೇ ಒತ್ತಿದ್ದ. ಒಂದಲ್ಲ, ಆ ಸಲ ಬೇರೆ ಬೇರೆ ಮಾಲೆಗಳಿಂದ ಬಂದ ಹನ್ನೊಂದಕ್ಕೂ. ಆ ಮಾತು ಬಂದದ್ದು ಅದಕ್ಕೇ. ನಗು ನಿಂತ ಮೇಲೆ ಲೈಬ್ರರಿಯನ್ ಮೆತ್ತಗೆ, "ಬಿಡುವಾದಾಗ ಬಂದು ಸರಿಮಾಡಿಕೊಡಿ, ಆಗಬಹುದಾ?" ಎಂದಿದ್ದರು. ಇವನು "ಆಯ್ತು" ಅಂದಿದ್ದ. ಆಮೇಲೆ ಸ್ಕ್ಯಾನಿನವರು ಬೆನ್ನು ನೋಡಿಯೇ ವರ್ಷ ಬರೆದುಕೊಂಡಿದ್ದರು, ಒಳಗೆ ಅವರೂ ನೋಡಿರಲಿಲ್ಲ.

"ಯಾರೋ ಮುಂಡೇವು ಕಳೆದು ಹಾಕಿದ್ರು ಅಂದ್ಯಲ್ಲ?" ಅಂದಳು ಅಕ್ಕ.

"ಪುಟ ತೆಗಿ ಅಕ್ಕ, ತಲೆ ತಿನ್ನಬೇಡ."

ಗುರುವಾರ ನ್ಯಾಯಾಧೀಶರು ಆ ಪುಟ ಓದಿದರು. ತಿಂಗಳೊಳಗೆ ಗೇಟು ಬಿಚ್ಚಿಸಿದರು. ಕೈಗಾಡಿ ಓಣಿಯಲ್ಲಿ ಗಡಗಡ ಎಂದ ದಿನ ಹೆಂಡತಿ ಅಡುಗೆಮನೆಯ ಹಿಂಬಾಗಿಲಿಗೆ ಚಿಲಕ ಹಾಕಿಕೊಂಡಳು. ಬೈಂಡರನ ಮುಖ ಮಾತ್ರ ಗಂಟಿಕ್ಕಿಕೊಂಡೇ ಇತ್ತು.

ಮಾರನೆಯ ದಿನ ಅಂಚೆಲ್ಲ ಸವೆದ ಆ ಹಿತ್ತಾಳೆ ಅಂಕಿಗಳನ್ನು ಜೇಬಿಗೆ ಹಾಕಿಕೊಂಡು ಅವನು ಲೈಬ್ರರಿಗೆ ಹೋದ. ಅಂಕಿ ಯಾಕೆ ತಂದೆನೆಂದು ಅವನಿಗೇ ತಿಳಿಯದು, ಒತ್ತಲು ಅಲ್ಲಿ ಬೆನ್ನೇ ಇರಲಿಲ್ಲ. ಮೇಜಿನ ಹಿಂದಿದ್ದ ಹೆಂಗಸನ್ನು ಹಳೆಯ ಲೈಬ್ರರಿಯನ್ ಬಗ್ಗೆ ಕೇಳಿದ.

"ಅವರು ತೀರಿಕೊಂಡು ಎರಡು ವರ್ಷ ಆಯ್ತಲ್ಲ. ಏನಾಗಬೇಕಿತ್ತು?"

"ಹನ್ನೊಂದು ಪುಸ್ತಕದ ವರ್ಷ ತಪ್ಪಾಗಿದೆ. ತಿದ್ದಬೇಕು."

"ಅರ್ಜಿ ಕೊಡಿ. ತಪ್ಪು ಯಾರದು ಅಂತಲೂ ಬರೀಬೇಕು."

ಅಕ್ಕ ಟೈಪ್ ಮಾಡಿಕೊಟ್ಟಳು. ಆ ಕಾಲಂನಲ್ಲಿ "ಬೈಂಡರ್" ಎಂದು ಅವನು ತನ್ನ ಕೈಯಾರೆ ಬರೆದ. ಅದಾಗಿ ಎಂಟು ತಿಂಗಳು. ವಾರಕ್ಕೊಮ್ಮೆ ಅಕ್ಕನ ಮನೆಗೆ ಹೋಗಿ, "ತಿದ್ದಿದಾರಾ?" ಎಂದು ಕೇಳುತ್ತಾನೆ. ಅವಳು ತೆರೆದು ತೋರಿಸುತ್ತಾಳೆ. ಕೆಂಪು ಬೆನ್ನು, ಸೊಟ್ಟ ಎಂಟು, ಪಟ್ಟಿಯಲ್ಲಿ ವರ್ಷ ಇನ್ನೂ ತೊಂಬತ್ತೆಂಟೇ.