ಮೋಡದ ಮೇಲಿನ ಎರಡು ಗುಟುರು
ಮೋಡ ಇಳಿದು ಕಡಲ ದಂಡೆಯ ಪುಟ್ಟ ನಿಲ್ದಾಣವನ್ನು ಮುಸುಕಿದ ಬೆಳಗ್ಗೆ ಎಲ್ಲರ ಮುಖ ಬಾಡಿದರೆ, ಆರು ಸೀಟಿನ ವಿಮಾನದ ಕ್ಯಾಪ್ಟನ್ನರ ಮುಖ ಮಾತ್ರ ಅರಳುತ್ತದೆ. "ಬನ್ನಿ ಬನ್ನಿ, ಇವತ್ತು ಹಾಲಲ್ಲಿ ಈಜೋದಿದೆ!" ಎಂದು ಪ್ರಯಾಣಿಕರನ್ನು ತವರಿಗೆ ಬಂದ ಹೆಣ್ಣುಮಕ್ಕಳಂತೆ ಕೈಹಿಡಿದು ಹತ್ತಿಸುತ್ತಾರೆ. ವಿಮಾನ ನೆಲ ಬಿಟ್ಟಿತೋ ಇಲ್ಲವೋ, ಕೆಳಗಿನ ಕಡಲು ಮಾಯವಾಗಿ ಕಿಟಕಿಗಳೆಲ್ಲ ಬೆಳ್ಳಗಾಗುತ್ತವೆ. "ಎಡಕ್ಕೆ ವಾಲ್ತಿದೀವಿ ಕ್ಯಾಪ್ಟನ್!" ಎಂದು ಯಾರಾದರೊಬ್ಬರು ಕೂಗಿಯೇ ಕೂಗುತ್ತಾರೆ. "ನನ್ನ ಹೊಟ್ಟೆನೂ ಹಾಗೇ ಹೇಳ್ತಿದೆ ಸ್ವಾಮಿ, ಆದ್ರೆ ಹೊಟ್ಟೆಗೆ ಲೈಸೆನ್ಸ್ ಇಲ್ವಲ್ಲ!" ಎನ್ನುವ ಅವರ ಕಣ್ಣು ವಿಮಾನ ನೆಟ್ಟಗಿದೆಯೆಂದು ತೋರಿಸುವ ಎದುರಿನ ಮಾಪಕಗಳ ಮುಳ್ಳು ಬಿಟ್ಟು ಕದಲುವುದಿಲ್ಲ. ಎರಡು ನಿಮಿಷ ಕಿಟಕಿಯಾಚೆ ಬರೀ ಬಿಳುಪು. ಆಮೇಲೆ ಫಕ್ಕನೆ ಬಿಸಿಲು! ಚಪ್ಪಾಳೆಯ ನಡುವೆ ಕ್ಯಾಪ್ಟನ್ ಎಂಜಿನ್ನಿನ ಸದ್ದನ್ನು ಎರಡು ಸಲ ಇಳಿಸಿ ಏರಿಸುತ್ತಾರೆ. "ಅಯ್ಯಯ್ಯೋ, ಏನು ಕೆಟ್ಟೋಯ್ತು?" ಎಂದು ಹಿಂದಿನ ಸೀಟಿನ ಅಜ್ಜಿ ಬೆಚ್ಚಿದರೆ, "ಏನಿಲ್ಲ ತಾಯಿ, ಮೇಲೆ ಬಂದೆ ಅಂತ ಮನೆಗೆ ಹೇಳ್ದೆ ಅಷ್ಟೆ" ಎನ್ನುತ್ತಾರೆ. ಕೆಳಗೆ, ನಿಲ್ದಾಣದ ಬೇಲಿಯಾಚೆಯ ಮನೆಯಂಗಳದಲ್ಲಿ, ಪ್ರಯಾಣಿಕರು ಹತ್ತುವಾಗಿನಿಂದಲೂ ಕಾಫಿ ಲೋಟ ಹಿಡಿದು, ಏನೂ ಕಾಣದ ಆಕಾಶಕ್ಕೆ ಕಿವಿಗೊಟ್ಟು ನಿಂತ ಅವರ ಹೆಂಡತಿ ಆ ಎರಡು ಗುಟುರು ಕೇಳಿದ ಮೇಲೆಯೇ ಮೊದಲ ಗುಟುಕು ಕುಡಿಯುತ್ತಾರೆ. ಇಪ್ಪತ್ತೆರಡು ವರ್ಷಗಳಲ್ಲಿ, ಮೋಡದ ದಿನ ಆಕೆ ಬಿಸಿ ಕಾಫಿ ಕುಡಿದದ್ದೇ ಇಲ್ಲ.