ಮದ್ದಿಗೆ ಕೊಸರಿಲ್ಲ

ಭಾವನ ಎಡಗಣ್ಣಿನ ಮೇಲೆ ಹುಬ್ಬಿರಲಿಲ್ಲ. ಆ ಜಾಗದ ಚರ್ಮ ಇಸ್ತ್ರಿ ಹಾಕಿದಷ್ಟು ನುಣ್ಣಗೆ ಹೊಳೆಯುತ್ತಿತ್ತು. ಏನಾಯಿತೆಂದು ಕೇಳಿದವರಿಗೆಲ್ಲ ಅವರು ಬೇರೆ ಬೇರೆ ಕಥೆ ಹೇಳುತ್ತಿದ್ದರು. ಒಬ್ಬರಿಗೆ ಯುದ್ಧದಲ್ಲಿ ಹೋಯಿತು ಎಂದರೆ ಮತ್ತೊಬ್ಬರಿಗೆ, "ಹೆಂಡತಿ ಒಮ್ಮೆ ದುರುಗುಟ್ಟಿ ನೋಡಿದ್ಳು ಮಾರಾಯ್ರೆ, ಉದುರಿಹೋಯ್ತು" ಎನ್ನುತ್ತಿದ್ದರು.

ಅದು ಎಪ್ಪತ್ತರ ದಶಕದ ಕೊನೆ. ಸೈನ್ಯದಲ್ಲಿ ಬಂದೂಕು ರಿಪೇರಿ ಮಾಡಿಕೊಂಡಿದ್ದ ಭಾವ ನಿವೃತ್ತರಾಗಿ ಬಹರೈನಿಗೆ ಬಂದು, ಗುಫೂಲ್ ಎಂಬ ಬಡಾವಣೆಯ ಒಬ್ಬ ವ್ಯಾಪಾರಿಯ ಬಳಿ ಕೆಲಸಕ್ಕೆ ಸೇರಿದ್ದರು. ಯಜಮಾನನನ್ನು ಅಲ್ಲಿ ಎಲ್ಲರೂ ಅರಬಾಬ್ ಎನ್ನುತ್ತಾರೆ. ನಾವೂ ಹಾಗೆಯೇ ಕರೆಯುತ್ತಿದ್ದೆವು. ಅರಬಾಬ್‌ಗೆ ಮರುಭೂಮಿಯಲ್ಲಿ ಮಣ್ಣಿನ ಬಿಲ್ಲೆಗಳನ್ನು ಹಾರಿಸಿ ಹೊಡೆಯುವ ಆಟದ ಹುಚ್ಚು. ಅವನ ಲೈಸೆನ್ಸಿನ ಬಂದೂಕುಗಳಿಗೆ ಬೇಕಾದ ತೋಟೆಗಳನ್ನು ಭಾವ ಮನೆಯಲ್ಲೇ ತುಂಬುತ್ತಿದ್ದರು. ಅವನ ಬಂಗಲೆಯ ಹಿಂದಿನ ಎರಡು ಕೋಣೆಗಳಲ್ಲಿ ಅಕ್ಕ, ಭಾವ, ಆಫೀಸು ಕೆಲಸಕ್ಕೆಂದು ಬಂದಿದ್ದ ನಾನು ಇದ್ದೆವು.

ಬಂದೂಕಿನ ಪುಡಿಗೆ ಊರಿನಲ್ಲಿ ಹೇಳುವಂತೆ ಭಾವನೂ ಮದ್ದು ಎಂದೇ ಹೇಳುತ್ತಿದ್ದರು. ಅದನ್ನು ಅಳೆಯಲು ಹಿತ್ತಾಳೆಯ ಒಂದು ಯಂತ್ರವಿತ್ತು. ಹಿಡಿಕೆ ಎಳೆದರೆ ಒಂದು ಅಳತೆ ಮದ್ದು ಕೆಳಗೆ ಬೀಳುತ್ತದೆ. ಎಷ್ಟು ಬೀಳಬೇಕೆಂಬುದು ಪಕ್ಕದ ತಿರುಪಿನಲ್ಲಿದೆ. ಆ ತಿರುಪನ್ನು ಭಾವ ಕೂದಲೆಳೆಯಷ್ಟು ತಿರುಗಿಸಿ, ಮೊದಲ ಕೆಲವು ಅಳತೆಗಳನ್ನು ಡಬ್ಬಿಗೇ ವಾಪಸು ಸುರಿದು, ಆಮೇಲಿನದನ್ನು ಸಣ್ಣ ತಕ್ಕಡಿಯಲ್ಲಿ ತೂಗುತ್ತಿದ್ದರು. ಮುಳ್ಳು ಗೆರೆಯ ಮೇಲೆ ನಿಲ್ಲುವವರೆಗೂ ಇದೇ ಕೆಲಸ. ಗಾಳಿಗೆ ತಕ್ಕಡಿ ಅಲುಗುತ್ತದೆಂದು ಆ ಸೆಕೆಯಲ್ಲೂ ಫ್ಯಾನ್ ಹಾಕುವಂತಿರಲಿಲ್ಲ. ಬೆವರು ಮದ್ದಿಗೆ ಬೀಳಬಾರದೆಂದು ಹಣೆಗೊಂದು ಬೈರಾಸು ಸುತ್ತಿಕೊಂಡು ಕೂರುತ್ತಿದ್ದರು. "ನನ್ನ ಹಾಗೆ ಅಳೆಯುವವ ಈ ದ್ವೀಪದಲ್ಲಿ ಇನ್ನೊಬ್ಬ ಇಲ್ಲ" ಎಂದು ಅವರೇ ಹೇಳಿಕೊಳ್ಳುತ್ತಿದ್ದರು.

ಆ ವರ್ಷ ಜೋಡಿ ಪಂದ್ಯಕ್ಕೆ ಅರಬಾಬ್ ತನ್ನ ಹೆಸರಿನ ಜೊತೆ ಭಾವನ ಹೆಸರನ್ನೂ ಕೊಟ್ಟುಬಿಟ್ಟ. ತೋಟೆ ತುಂಬುವವನು ತಾನೇ ಹೊಡೆಯಲು ನಿಲ್ಲುವುದು ಅದೇ ಮೊದಲು. ಭಾವ ಅಂಗಿ ಹೊಲಿಸಿಕೊಂಡರು. ಪಂದ್ಯ ಶುಕ್ರವಾರ. ಗುರುವಾರ ಮಧ್ಯಾಹ್ನ ಅಕ್ಕ ಹಿಡಿಕೆ ಎಳೆದು ಮದ್ದು ಹಾಕಿಕೊಟ್ಟಳು. ಭಾವ ಸೀಸದ ಚರೆ ತುಂಬಿ ತೋಟೆಯ ಬಾಯಿ ಮಡಚಿದರು. ಎಲ್ಲ ಮುಗಿದು ಪೆಟ್ಟಿಗೆ ತುಂಬಿದ ಮೇಲೆ, ಅಭ್ಯಾಸದಂತೆ ಒಂದು ತೋಟೆ ಬಿಚ್ಚಿ ತೂಗಿದರು. ಮುಳ್ಳು ಗೆರೆ ದಾಟಿ ಮೇಲೆ ಹೋಯಿತು.

ಇನ್ನೊಂದು ಬಿಚ್ಚಿದರು. ಅದು ಸರಿಯಿತ್ತು. ಮೂರನೆಯದು ಮತ್ತೆ ಹೆಚ್ಚು.

"ಏ, ಹಿಡಿಕೆ ಎಳೆಯುವಾಗ ಎಂತ ಮಾಡಿದ್ದು ನೀನು?"

"ಎಂತದೂ ಇಲ್ಲ. ಎಳೆಯುವ ಮೊದಲು ಸ್ವಲ್ಪ ತಟ್ಟಿದೆ."

"ತಟ್ಟಿದ್ದೆಂತಕ್ಕೆ?"

ಅಕ್ಕ ಸೆರಗಿನ ತುದಿ ಹಿಡಿದುಕೊಂಡಳು. "ಕೊಸರು. ನಿಮ್ಮ ಪಾಲಿನದಕ್ಕೆ ಮಾತ್ರ. ನಾಳೆ ನೀವು ಹೊಡೆಯುವುದಲ್ವಾ?"

ನಾವು ಜಿನಸಿ ಅಂಗಡಿಯ ಮಕ್ಕಳು. ಅಕ್ಕಿ ಅಳೆದ ಮೇಲೆ ಸೇರನ್ನು ತಟ್ಟಿ, ಕುಗ್ಗಿದ ಜಾಗಕ್ಕೆ ಇನ್ನೊಂದು ಹಿಡಿ ಹಾಕಿ ಕೊಡುವುದು ನಮ್ಮ ಅಪ್ಪನ ಪದ್ಧತಿ. ಬೇಕಾದವರಿಗೆ ಕೊಸರು ಕೊಡದೆ ಕಳಿಸುವುದು ಅಕ್ಕನಿಗೆ ಗೊತ್ತೇ ಇರಲಿಲ್ಲ.

ಭಾವ ಬೈಯಲಿಲ್ಲ. ಹಣೆಯ ಬೈರಾಸು ಬಿಚ್ಚಿ, ಹುಬ್ಬಿಲ್ಲದ ಜಾಗದ ಮೇಲೆ ಬೆರಳಿಟ್ಟರು.

"ಇದು ಯುದ್ಧದಲ್ಲಿ ಹೋದದ್ದಲ್ಲ. ಗದ್ದೆಗೆ ಹಂದಿ ಬರುತ್ತದೆಂದು ನನ್ನ ಸೋದರಮಾವ ನಾಡಕೋವಿಗೆ ಮದ್ದು ತುಂಬಿದ್ರು. ಅಂಗೈಲೇ ಅಳತೆ. ಇರಲಿ ಅಂತ ಒಂದು ಚಿಟಿಕೆ ಜಾಸ್ತಿ. ನಾನು ಪಕ್ಕದಲ್ಲಿದ್ದೆ, ನನಗೆ ಹುಬ್ಬು ಹೋಯ್ತು. ಮಾವನಿಗೆ ಎರಡು ಕಣ್ಣೂ. ಮದ್ದಿಗೆ ಕೊಸರಿಲ್ಲ, ಮಾರಾಯ್ತಿ."

ನಾನು ಕೈಯಲ್ಲಿದ್ದ ತೋಟೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟೆ. ಅಕ್ಕನ ಮುಖ ಬಿಳಿಚಿತ್ತು.

ತಟ್ಟಿದ್ದು, ತಟ್ಟದ್ದು ಎರಡೂ ಒಂದೇ ಪೆಟ್ಟಿಗೆಯಲ್ಲಿ ಬೆರೆತಿದ್ದವು. ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ. ಭಾವ ಇಡೀ ಪೆಟ್ಟಿಗೆಯನ್ನು ಮೇಜಿನ ಮೇಲೆ ಸುರಿದು ಒಂದೊಂದನ್ನೇ ಬಿಚ್ಚತೊಡಗಿದರು. ಮತ್ತೆ ತುಂಬಿ ಮುಗಿಯದಿದ್ದರೆ ಪಂದ್ಯವಿಲ್ಲ. ಬದಲಿಗೆ ಬಳಸೋಣವೆಂದರೆ ಹಡಗಿನಲ್ಲಿ ಬರಬೇಕಿದ್ದ ಹೊಸ ತೋಟೆಗಳು ಇನ್ನೂ ಬಂದಿರಲಿಲ್ಲ.

ಸಂಜೆ ಬಂದ ಅರಬಾಬ್ ಬಾಗಿಲಲ್ಲೇ ನಿಂತ. "ಯೇ ಕ್ಯಾ ಕಿಯಾ?"

"ಮೇರಾ ಗಲ್ತಿ, ಅರಬಾಬ್" ಎಂದರು ಭಾವ.

ಅಕ್ಕ ಒಳಗಿನಿಂದ ಬಂದಳು. "ಇವರದಲ್ಲ. ಮೈಂ ಕಿಯಾ. ಕೊಸರು."

"ಕೊಸರು ಕ್ಯಾ?"

ಭಾವ ಹಿಂದಿಯಲ್ಲಿ ವಿವರಿಸಿದರು. ಅರಬಾಬ್ ಅಕ್ಕನನ್ನೂ ಮೇಜನ್ನೂ ನೋಡಿ ನಕ್ಕುಬಿಟ್ಟ. ಸೂಕಿನಲ್ಲಿ, ಅಂದರೆ ಅಲ್ಲಿನ ಪೇಟೆಯಲ್ಲಿ, ಖರ್ಜೂರ ಮಾರುತ್ತಿದ್ದ ತನ್ನ ತಂದೆಯೂ ಬುಟ್ಟಿ ತೂಗಿದ ಮೇಲೆ ಒಂದು ಹಿಡಿ ಹಾಕದೆ ಯಾರನ್ನೂ ಕಳಿಸಿದವನಲ್ಲ ಎಂದ. ಆಮೇಲೆ ಬಿಳಿ ಉಡುಪಿನ ತೋಳು ಮಡಚಿ, "ಯಲ್ಲಾ, ಚಲೋ" ಎಂದು ನನ್ನ ಪಕ್ಕ ಕುಳಿತು ತೋಟೆಯ ಮಡಿಕೆ ಬಿಚ್ಚತೊಡಗಿದ. ಭಾವ ತಿರುಪು ಮುಟ್ಟಿ ನೋಡಿ, ಹಿಡಿಕೆಯ ಮುಂದೆ ಮತ್ತೆ ಅಕ್ಕನನ್ನೇ ಕೂರಿಸಿದರು.

"ಎಳಿ. ತಟ್ಟಬೇಡ. ಪ್ರೀತಿ ಇದ್ರೆ ನಾಳೆ ಪಾಯಸಕ್ಕೆ ಹಾಕು."

ಶುಕ್ರವಾರ ವಾಯವ್ಯದ ಶಮಾಲ್ ಗಾಳಿ ಬೀಸುತ್ತಿತ್ತು. ಬಿಲ್ಲೆಗಳು ಹಾರಿದಲ್ಲೇ ಅಡ್ಡ ತಿರುಗುತ್ತಿದ್ದವು. ಆದರೆ ಭಾವನ ತೋಟೆಗಳು ಪ್ರತಿ ಸಲವೂ ಒಂದೇ ಸದ್ದು ಮಾಡಿದವು. ನಾನು ಕಣ್ಣು ಮುಚ್ಚಿ ಕೇಳಿ ನೋಡಿದೆ. ಕೊನೆಗೆ ಉಳಿದದ್ದು ಭಾವನ ಒಂದು ಬಿಲ್ಲೆ; ಹೊಡೆದರೆ ಗೆಲುವು ನಮ್ಮದು. ಅದು ಎದ್ದಿತು, ಗಾಳಿಗೆ ಜಾರಿತು. ಅದೇ ಸದ್ದು. ಬಿಲ್ಲೆ ಕೆಂಪು ಹುಡಿಯಾಗಿ ಆಕಾಶದಲ್ಲಿ ಹರಡಿತು. ಅರಬಾಬ್ ಓಡಿಬಂದು ಭಾವನನ್ನು ನೆಲದಿಂದ ಎತ್ತಿಯೇಬಿಟ್ಟ. ಗೆದ್ದ ಕಪ್ಪಿನಲ್ಲಿ ಅಕ್ಕ ಪಾಯಸ ತುಂಬಿದಳು, ಅಂಚು ಮೀರಿ ಚೆಲ್ಲುವಷ್ಟು.

ಭಾವ ತೀರಿಕೊಂಡದ್ದು ಪುತ್ತೂರಿನಲ್ಲಿ, ಮುಪ್ಪಿನಲ್ಲಿ. ಬಾಯಿಗೆ ನೀರು ಬಿಡುವಾಗ ನಾವೆಲ್ಲ ಒಂದೊಂದು ಚಮಚ ಬಿಟ್ಟೆವು. ಅಕ್ಕ ಒಂದು ಬಿಟ್ಟಳು. ಚಮಚವನ್ನು ತಂಬಿಗೆಯ ಅಂಚಿಗೆ ಮೆಲ್ಲಗೆ ತಟ್ಟಿ, ಇನ್ನೊಂದು ಬಿಟ್ಟಳು.

"ಇದು ಕೊಸರು" ಎಂದಳು. "ಈಗ ಬೇಡ ಅನ್ಲಿ, ನೋಡುವ."